ಷಟ್ಪದಿಯಲ್ಲಿಲ್ಲದ ಬ್ರೇಕು

"ಅಲ್ಲಾ, ಇದ್ಯಾಕೆ ಹಿಂಗೆ ಮೆತ್ತಗಾಗಿದೆ?"

ಸತ್ಯಪ್ರಕಾಶ ಕೇಳಿದ. ಯಾರನ್ನು ಎಂದರೆ ಯಾರನ್ನೂ ಅಲ್ಲ. ಶೆಡ್ಡಿನಲ್ಲಿ ಇದ್ದದ್ದು ಅವನು, ಅವನ ನೀಲಿ ಬೈಕು, ಮತ್ತು ಮನೆಯ ಮಾಲೀಕರು ಬಿಟ್ಟುಹೋಗಿದ್ದ ಒಂದು ಮುರುಕು ಸೋಫಾ. ಮೂವರಲ್ಲಿ ಯಾರೂ ಉತ್ತರ ಹೇಳುವ ಪೈಕಿ ಅಲ್ಲ. ಅವನು ಮುಂದಿನ ಬ್ರೇಕಿನ ಹಿಡಿಯನ್ನು ಇನ್ನೊಮ್ಮೆ ಒತ್ತಿದ. ಮೊನ್ನೆಯವರೆಗೂ ಅರ್ಧದಲ್ಲಿ ಗಟ್ಟಿಯಾಗಿ ನಿಲ್ಲುತ್ತಿದ್ದ ಹಿಡಿ, ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಸಲೀಸಾಗಿ ಬಂದು ಹ್ಯಾಂಡಲ್ಲಿಗೆ ತಾಗಿ ಕೂತಿತು.

ಸೋಮವಾರದ ಬೆಳಗು. ಹೊರಗೆ ಮಳೆಯೂ ಅಲ್ಲದ ಮಂಜೂ ಅಲ್ಲದ ಆ ಊರಿನ ಎಂದಿನ ಹನಿ. ಸತ್ಯಪ್ರಕಾಶ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ಗಾಡಿ ನೋಡಿಕೊಳ್ಳಲೆಂದು ಚಿಕ್ಕಮ್ಮ ಕಟ್ಟಿಕೊಟ್ಟಿದ್ದ ಷಟ್ಪದಿಯನ್ನು ಮೊದಲಿನಿಂದ ಕೊನೆಯವರೆಗೆ ರಾಗವಾಗಿ ಓದುತ್ತ, ಅದು ಹೇಳಿದ್ದನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿದ. ಎಲ್ಲವೂ ಸರಿಯಾಗಿತ್ತು. ಪದ್ಯದ ಪ್ರಕಾರ ಗಾಡಿಗೆ ಯಾವ ತೊಂದರೆಯೂ ಇರಲಿಲ್ಲ. ಅಂದಮೇಲೆ ತನ್ನ ಕೈಯಲ್ಲೇ ಶಕ್ತಿ ಹೆಚ್ಚಾಗಿರಬೇಕೆಂದು ತೀರ್ಮಾನಿಸಿ, ಹೆಲ್ಮೆಟ್ ಹಾಕಿಕೊಂಡು ಕೆಲಸಕ್ಕೆ ಹೊರಟ.

ಅವನ ಕೆಲಸ ಏನೆಂದರೆ, ಪರದೇಶದ ಗಾಲ್ವೇ ಊರಂಚಿನಲ್ಲಿ ವೈದ್ಯಕೀಯ ಉಪಕರಣಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷೆ. ಒಂದು ಯಂತ್ರ ಯಾವ ಯಾವ ರೀತಿಯಲ್ಲಿ ಕೆಡಬಹುದೆಂದು ಅದು ಕೆಡುವ ಮೊದಲೇ ಯೋಚಿಸಿಡುವುದಕ್ಕೆ ಅವನಿಗೆ ಸಂಬಳ ಕೊಡುತ್ತಿದ್ದರು. ಹೆಂಡತಿ ಅಪರ್ಣಾ ಅದೇ ಊರಿನ ಆಸ್ಪತ್ರೆಯಲ್ಲಿ ಎಮರ್ಜೆನ್ಸಿಯ ಡಾಕ್ಟರು. ಗಾಲ್ವೇಯಲ್ಲಿ ಬಾಡಿಗೆ ಮನೆ ಸಿಗುವುದು ಪೂರ್ವಜನ್ಮದ ಪುಣ್ಯಕ್ಕೆ ಬಿಟ್ಟ ವಿಚಾರವಾದ್ದರಿಂದ ಇಬ್ಬರೂ ಒರನ್‌ಮೋರ್ ಎಂಬ ಊರು ದಾಟಿ ಒಳಗಿನ ಒಂದು ಹಳ್ಳಿಯಲ್ಲಿ ಮನೆ ಹಿಡಿದಿದ್ದರು. ಇದ್ದ ಒಂದು ಕಾರು ಅವಳ ಡ್ಯೂಟಿಗೆ ಹೋಗುತ್ತಿತ್ತು. ಇವನಿಗೆ ಬೈಕು.

ಬೈಕು ಓಡಿಸಿ ಬಿದ್ದವರನ್ನು ಅಪರ್ಣಾ ಸ್ಟ್ರೆಚರಿನ ಮೇಲೆ ಕಾಣುವವಳು. ಹಾಗಾಗಿ ಕೊಳ್ಳುವ ದಿನವೇ ಒಂದು ಕರಾರು ಹಾಕಿದ್ದಳು.

"ರೀ, ಬೇರೆಯವ್ರು ಬಂದು ಗುದ್ದಿದ್ರೆ ಅದು ನಮ್ಮ ಹಣೆಬರಹ. ನೀವು ನೋಡ್ಕೊಳ್ದೆ ಗಾಡಿ ಕೈಕೊಟ್ರೆ ಮಾತ್ರ ಅವತ್ತೇ ಕೀ ನನ್ನ ಕೈಗೆ. ಆಮೇಲೆ ಬಸ್ಸು."

ಸತ್ಯಪ್ರಕಾಶ ಒಪ್ಪಿದ್ದ. ಅವನು ಸಾಮಾನ್ಯವಾಗಿ ಎಲ್ಲದಕ್ಕೂ ಒಪ್ಪುತ್ತಿದ್ದ. ಆದರೆ ಬಸ್ಸು ಎಂಬ ಮಾತು ಮಾತ್ರ ಅವನ ಎದೆಯಲ್ಲಿ ಸಣ್ಣಗೆ ಮುಳ್ಳಾಡಿತ್ತು. ಅದಕ್ಕೆ ಕಾರಣವಿತ್ತು.

ಸತ್ಯಪ್ರಕಾಶ ಮಾತು ಕಡಿಮೆಯ ಮನುಷ್ಯ. ಅವನ ತಲೆಯೊಳಗೆ ಮಾತ್ರ ಸಾವಿರಾರು ಪದ್ಯಗಳಿದ್ದವು. ಅವನ ತಾಯಿಯ ತಂಗಿ ವಾಸಂತಿ ಮೈಸೂರಿನಲ್ಲಿ ಗಮಕ ಹೇಳಿಕೊಡುವವರು. ಆಗೆಲ್ಲ ಹಗಲು ಶಾಲೆಯ ಮೇಡಂ, ಸಂಜೆ ಎಲ್ಲಿ ಕಾವ್ಯವಾಚನವಿದ್ದರೆ ಅಲ್ಲಿ. ಅಕ್ಕನ ಮಗನನ್ನು ತಮ್ಮ ಲೂನಾದ ಹಿಂದೆ ಕೂರಿಸಿಕೊಂಡು ದೇವಸ್ಥಾನ, ಹಾಸ್ಟೆಲ್ಲು, ಸಂಘದ ಹಜಾರ ಎಲ್ಲ ಕಡೆಗೂ ಕರೆದೊಯ್ಯುತ್ತಿದ್ದರು. ಅವನು ಕಂಬಕ್ಕೊರಗಿ ಕೂತು ಕೇಳುತ್ತಿದ್ದ. ಕೇಳುತ್ತ ಕೇಳುತ್ತ ಅವನ ತಲೆ ಒಂದು ತರಹ ಒಗ್ಗಿಹೋಯಿತು. ರಾಗದಲ್ಲಿ ಬಂದದ್ದು ಸಾಯುವವರೆಗೂ ಮರೆಯದು, ರಾಗವಿಲ್ಲದೆ ಬಂದದ್ದು ಬಾಗಿಲು ದಾಟುವಷ್ಟರಲ್ಲಿ ಮರೆತೇ ಹೋಗುವುದು. ಎಂಜಿನಿಯರಿಂಗಿನ ಸೂತ್ರಗಳನ್ನು ಅವನು ಮೋಹನ ರಾಗದಲ್ಲಿ ಪಾಸು ಮಾಡಿದ್ದ. ಅಂಗಡಿಗೆ ಹೋದರೆ ಹಾಲು, ಬ್ರೆಡ್ಡು, ಈರುಳ್ಳಿ ಎಂದು ಒಂದು ನಡೆಯಲ್ಲಿ ಗುನುಗಿಕೊಂಡು ಹೋಗುತ್ತಿದ್ದ. ಅಪರ್ಣಾ ಹಿಂದಿನಿಂದ "ಸೋಪೂ" ಎಂದು ಕೂಗಿದರೆ ಸೋಪು ಬರುತ್ತಿರಲಿಲ್ಲ.

ಈ ದೇಶದಲ್ಲಿ ದನಿ ಎತ್ತಿ ಓದುವುದಕ್ಕೆ ಅವನಿಗೆ ಜಾಗವಿರಲಿಲ್ಲ. ಮನೆಯ ಗೋಡೆ ತೆಳು, ರಾತ್ರಿ ಡ್ಯೂಟಿ ಮುಗಿಸಿದ ಹೆಂಡತಿ ಹಗಲು ಮಲಗಿರುತ್ತಾಳೆ. ಆಫೀಸು ಒಂದೇ ದೊಡ್ಡ ಹಾಲು. ಸಿಕ್ಕಿದ ಜಾಗವೆಂದರೆ ಹೆಲ್ಮೆಟ್ಟಿನ ಒಳಗೆ. ಮನೆಯಿಂದ ಆಫೀಸಿನ ತನಕ, ಕಲ್ಲುಗೋಡೆಗಳ ನಡುವೆ, ಕುರಿಗಳ ಪಕ್ಕದಲ್ಲಿ, ಆ ದುಂಡನೆಯ ಗುಡಿಯೊಳಗೆ ಒಬ್ಬನೇ ಕೂತು ಮನದಣಿಯೆ ಓದಿಕೊಳ್ಳುತ್ತಿದ್ದ. ಅವನ ಪಾಲಿಗೆ ಅದೇ ಪೂಜೆ, ಅದೇ ಪಾರಾಯಣ. ಆಫೀಸು ಅದರ ಕೊನೆಯಲ್ಲಿ ಸಿಗುತ್ತಿದ್ದ ಒಂದು ಕಟ್ಟಡ.

ಬೈಕು ಬಂದ ಹೊಸತರಲ್ಲಿ, ಅದರ ಜೊತೆಗೆ ಕೊಟ್ಟಿದ್ದ ಪುಸ್ತಕದಲ್ಲಿ ಏನೇನು ನೋಡಿಕೊಳ್ಳಬೇಕೆಂದು ಬರೆದಿತ್ತೋ ಅದನ್ನು ಹತ್ತು ಸಲ ಓದಿ ಹತ್ತು ಸಲ ಮರೆತ. ಕೊನೆಗೆ ಚಿಕ್ಕಮ್ಮನಿಗೆ ಫೋನು ಮಾಡಿ, ಇದನ್ನೊಂದು ಪದ್ಯ ಮಾಡಿಕೊಡಿ ಎಂದು ಕೇಳಿಕೊಂಡ. ಅವರು ಭಾಮಿನಿಯಲ್ಲಿ ಕಟ್ಟಿ, ಹಾಡಿ ಕಳಿಸಿದರು. ಅಂದಿನಿಂದ ಪ್ರತಿ ಶನಿವಾರ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಶೆಡ್ಡಿನ ಬಾಗಿಲು ತೆರೆದು ಅವನು ಆ ಪದ್ಯವನ್ನು ಗಾಡಿಯ ಮುಂದೆ ಓದುತ್ತ ಓದಿದ್ದನ್ನು ಮಾಡುತ್ತಿದ್ದ. ಪಕ್ಕದ ಮನೆಯ ನೋರೀನ್ ಎಂಬ ಮುದುಕಿ ಇದನ್ನು ಗೋಡೆಯಾಚೆಯಿಂದ ಕೆಲವು ವಾರ ಗಮನಿಸಿ, ಒಂದು ದಿನ ತನ್ನ ಹುಲ್ಲು ಕತ್ತರಿಸುವ ಯಂತ್ರವನ್ನು ತಳ್ಳಿಕೊಂಡು ಬಂದು ಇದಕ್ಕೂ ಸ್ವಲ್ಪ ಆಶೀರ್ವಾದ ಮಾಡಪ್ಪ ಎಂದಿದ್ದಳು. ಅವನು ಮಾಡಿದ್ದ. ಯಂತ್ರ ಆ ವರ್ಷವೆಲ್ಲ ಚೆನ್ನಾಗಿ ಓಡಿತು.

ಆ ಸೋಮವಾರ ಒರನ್‌ಮೋರಿನ ಹತ್ತಿರದ ದೊಡ್ಡ ರೌಂಡಬೌಟಿಗೆ ಬರುವಾಗ ಹೆಲ್ಮೆಟ್ಟಿನೊಳಗೆ ಯುದ್ಧ ನಡೆಯುತ್ತಿತ್ತು. ಆನೆಗಳು ಉರುಳುತ್ತಿದ್ದವು. ಎದುರಿಗೆ ಕುರಿ ತುಂಬಿದ ಟ್ರೇಲರೊಂದು ತನ್ನ ಸರದಿಗಾಗಿ ನಿಂತಿತ್ತು. ಸತ್ಯಪ್ರಕಾಶ ಬ್ರೇಕು ಹಿಡಿದ. ಹಿಡಿ ಪೂರ್ತಿ ಒಳಗೆ ಬಂತು. ಗಾಡಿ ತನ್ನ ಪಾಡಿಗೆ ಮುಂದಕ್ಕೆ ಹೋಯಿತು. ಇನ್ನೊಮ್ಮೆ ಹಿಡಿದ, ಹಿಡಿಯಲ್ಲಿ ಏನೂ ಇರಲಿಲ್ಲ, ಗಾಳಿಗೆ ಕೈಕೊಟ್ಟ ಹಾಗಿತ್ತು. ಕುರಿಗಳು ಸರಳಿನ ಸಂದಿನಿಂದ ಅವನನ್ನು ನೋಡಿದವು. ಅವನೂ ಅವುಗಳನ್ನು ಬಹಳ ಹತ್ತಿರದಿಂದ ನೋಡಿದ. ಕಾಲಿನ ಬ್ರೇಕನ್ನು ತುಳಿದು, ಗೇರು ಇಳಿಸಿ, ಟ್ರೇಲರಿನ ಪಕ್ಕ ಒಂದು ಗೇಣು ಅಂತರದಲ್ಲಿ ನುಸುಳಿ, ರೌಂಡಬೌಟನ್ನು ಸುತ್ತಬೇಕಾದವನು ಸುತ್ತದೆ ನೇರ ಅದರ ಮೇಲೆಯೇ ಹತ್ತಿ, ಹುಲ್ಲಿನ ನಡುವೆ ಪುರಸಭೆಯವರು ನೆಟ್ಟಿದ್ದ ಗಿಡವೊಂದಕ್ಕೆ ತಾಗಿ ನಿಂತ.

ಪದ್ಯದ ಕೊನೆಯ ಪಾದ ಬಾಕಿ ಇತ್ತು. ಅದನ್ನು ಅರ್ಧಕ್ಕೆ ಬಿಡಬಾರದೆಂದು ಮುಗಿಸಿ, ಆಮೇಲೆ ಇಂಜಿನ್ ಆರಿಸಿ ಕೆಳಗಿಳಿದ.

ಟ್ರೇಲರಿನವನು ಕಿಟಕಿ ಇಳಿಸಿ, "ಆರ್ ಯೂ ಗ್ರ್ಯಾಂಡ್?" ಎಂದು ಕೂಗಿದ. ಆ ಸೀಮೆಯಲ್ಲಿ ಗ್ರ್ಯಾಂಡ್ ಎಂದರೆ ಕ್ಷೇಮ.

"ಗ್ರ್ಯಾಂಡ್," ಎಂದ ಸತ್ಯಪ್ರಕಾಶ.

ಅಷ್ಟಕ್ಕೆ ತೃಪ್ತಿಯಾಗಿ ಆತ ಕುರಿಗಳೊಂದಿಗೆ ಹೊರಟುಹೋದ.

ಸತ್ಯಪ್ರಕಾಶ ಆಫೀಸಿನ ಗೆಳೆಯ ಸಚಿನ್‌ಗೆ ಫೋನು ಮಾಡಿದ. ಸಚಿನ್ ಬೆಂಗಳೂರಿನ ರಾಜಾಜಿನಗರದವನು, ಸತ್ಯಪ್ರಕಾಶನಿಗಿಂತ ಚಿಕ್ಕವನು, ಮಾತಿನಲ್ಲಿ ಇಬ್ಬರದ್ದನ್ನೂ ತಾನೊಬ್ಬನೇ ಆಡುವವನು. ಅವನೂ ಬೈಕಿನವನೇ. ಯಾರದೋ ವ್ಯಾನು ಕೇಳಿ ತೆಗೆದುಕೊಂಡು ಬಂದ.

"ಏನ್ ಸತ್ಯಣ್ಣ, ರೌಂಡಬೌಟ್ ಮಧ್ಯದಲ್ಲಿ ಒಬ್ರೇ ಪಿಕ್ನಿಕ್ಕಾ? ನಮ್ಮನ್ನೂ ಕರೀಬಾರ್ದಾ?"

"ಬ್ರೇಕ್ ಹಿಡೀಲಿಲ್ಲ."

ಸಚಿನ್ ಹಿಡಿಯನ್ನು ಒತ್ತಿ ನೋಡಿದ. ಅವನ ಮುಖದಿಂದ ತಮಾಷೆ ಹೋಯಿತು. ಹ್ಯಾಂಡಲ್ಲಿನ ಬಲಗಡೆ, ಬ್ರೇಕಿನ ಹಿಡಿಯ ಬುಡದಲ್ಲಿ ಒಂದು ಪುಟ್ಟ ಡಬ್ಬಿ, ಅದಕ್ಕೊಂದು ಗಾಜಿನ ಕಿಂಡಿ. ಅದಕ್ಕೆ ಫೋನಿನ ಬೆಳಕು ಹಿಡಿದು ಬಗ್ಗಿ ನೋಡಿದ.

"ಸತ್ಯಣ್ಣ, ಬನ್ನಿ ಇಲ್ಲಿ. ಇದು ಬ್ರೇಕ್ ಆಯಿಲ್. ತಿಳಿ ಜೇನುತುಪ್ಪದ ಬಣ್ಣ ಇರ್ಬೇಕು. ನಿಮ್ದು ನೋಡಿ, ಡಿಕಾಕ್ಷನ್ ಇದ್ದಂಗೈತೆ. ಅದೂ ಎರಡನೇ ಸಲ ಇಳಿಸಿದ್ದಲ್ಲ, ಮೊದಲನೇದು. ಮಟ್ಟ ಗೆರೆಯಿಂದ ಎಷ್ಟು ಕೆಳಗೆ ಹೋಗೈತೆ ನೋಡಿ." ಆಮೇಲೆ ಮುಂದಿನ ಚಕ್ರದ ಪಕ್ಕ ಕೂತು ಬ್ರೇಕ್ ಪ್ಯಾಡುಗಳನ್ನು ಇಣುಕಿದ. "ಪ್ಯಾಡ್ ಸವೆದು ಹಪ್ಪಳ ಆಗೈತೆ. ಅದು ಸವೆದಂಗೆಲ್ಲ ಆಯಿಲ್ ಕೆಳಗಿಳಿಯುತ್ತೆ, ಮೇಲಿಂದ ಗಾಳಿ ಸೇರ್ಕೊಳ್ಳುತ್ತೆ. ಈ ಊರ ಥಂಡಿಗೆ ಆಯಿಲ್ ನೀರು ಬೇರೆ ಕುಡಿದಿರತ್ತೆ. ನೀವು ಹಿಡಿತಾ ಇದ್ದಿದ್ದು ಬ್ರೇಕಲ್ಲ, ಗಾಳಿ. ಎರಡು ವರ್ಷಕ್ಕೊಂದ್ಸಲ ಬದಲಾಯಿಸ್ಬೇಕು. ಯಾವಾಗ ಬದಲಾಯಿಸಿದ್ರಿ?"

"ಬದಲಾಯಿಸಿಲ್ಲ."

"ಅಲ್ಲಾ, ವಾರ ವಾರ ಗಾಡಿ ಮುಂದೆ ಕೂತು ಸಂಗೀತ ಕಛೇರಿ ಮಾಡ್ತೀರಂತೆ? ಏನ್ ನೋಡ್ತಿದ್ರಿ ಅಷ್ಟೊತ್ತು?"

"ಪದ್ಯದಲ್ಲಿ ಇರೋದೆಲ್ಲ ನೋಡ್ತಿದ್ದೆ."

"ಹೇಳಿ ನೋಡೋಣ ನಿಮ್ಮ ಪದ್ಯ."

ಸುತ್ತ ಕಾರುಗಳು ತಿರುಗುತ್ತಿದ್ದವು. ಹನಿ ಬೀಳುತ್ತಿತ್ತು. ಸತ್ಯಪ್ರಕಾಶ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು, ರೌಂಡಬೌಟಿನ ಹುಲ್ಲಿನ ಮೇಲೆ ನಿಂತು ಓದಿದ.

ಗಾಳಿ ಚಕ್ರದೊಳಿಹುದೆ ನೋಡುತ
ಸೀಳು ಬಿರುಕುಗಳಿಹವೆ ಟೈರಲಿ
ಧೂಳ ತೊಡೆದಾ ಸರಪಳಿಗೆ ಹೊಸ ತೈಲ ಸವರುತಲಿ
ಕೇಳು ಯಂತ್ರದ ದನಿಯನೆಣ್ಣೆಯ
ಆಳವಳೆಯುತ ದೀಪ ಹಾರ್ನನು
ವೇಳೆ ವೇಳೆಗೆ ಪರಿಕಿಸುತ ನಡೆ ನನ್ನ ಮಗುವೇ ನೀ

ಒಂದು ಕೆಂಪು ಕಾರು ತಾನು ಹೊರಹೋಗಬೇಕಾದ ದಾರಿಯನ್ನು ಬಿಟ್ಟು ಇನ್ನೊಂದು ಸುತ್ತು ಬಂತು.

ಸಚಿನ್ ಬೆರಳು ಮಡಿಚುತ್ತ ಬಂದ. "ಗಾಳಿ ಆಯ್ತು. ಟೈರಾಯ್ತು. ಚೈನು. ಇಂಜಿನ್ ಸೌಂಡು, ಆಯಿಲ್ಲು. ಲೈಟು, ಹಾರ್ನು. ಬ್ರೇಕೆಲ್ಲಿ ಸತ್ಯಣ್ಣ?"

ಸತ್ಯಪ್ರಕಾಶ ಪದ್ಯವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡ. ಮೇಲಿನಿಂದ ಕೆಳಗೆ ಬಂದ. ಕೆಳಗಿನಿಂದ ಮೇಲೆ ಹೋದ.

"ಇಲ್ಲ," ಎಂದ.

"ಹಾರ್ನ್ ಇದೆ, ಬ್ರೇಕ್ ಇಲ್ಲ. ಅಪ್ಪಟ ಬೆಂಗಳೂರು ಪದ್ಯ ಬಿಡಿ."

ಇಬ್ಬರೂ ಸೇರಿ ಗಾಡಿಯನ್ನು ವ್ಯಾನಿಗೆ ಏರಿಸುವಾಗ ಸತ್ಯಪ್ರಕಾಶನಿಗೆ ಎಲ್ಲ ನೆನಪಿಗೆ ಬಂತು; ಸಚಿನ್‌ಗೂ ಹೇಳಿದ. ಚಿಕ್ಕಮ್ಮ ಪದ್ಯ ಕಟ್ಟುವಾಗ ಅವನು ಫೋನಿನಲ್ಲಿ ಪುಸ್ತಕ ನೋಡಿ ಒಂದೊಂದೇ ವಿಷಯ ಹೇಳುತ್ತ ಬಂದಿದ್ದ. ಬ್ರೇಕಿನ ಎಣ್ಣೆ ಎಂದು ಓದಿದ ಕೂಡಲೇ ಅವರು ತಡೆದಿದ್ದರು. "ಏಯ್, ತಪ್ಪು ಓದ್ತಿದೀಯ. ಬ್ರೇಕಿಗೆ ಯಾರಾದ್ರೂ ಎಣ್ಣೆ ಹಾಕ್ತಾರೇನೋ? ಜಾರಿ ಹೋಗಲ್ವಾ ಗಾಡಿ? ನಾನು ಇಷ್ಟು ವರ್ಷ ಲೂನಾ ಓಡಿಸಿದೀನಿ, ಒಂದು ತೊಟ್ಟು ಹಾಕಿಲ್ಲ. ಅದನ್ನ ಬಿಡು, ಮುಂದಕ್ಕೆ ಹೇಳು." ಅವರ ಲೂನಾದ ಬ್ರೇಕು ವೈರಿನದು. ಅವನಿಗೆ ಆಗ ಇದಾವುದೂ ಗೊತ್ತಿರಲಿಲ್ಲ. ಅಚ್ಚಾದ ಪುಸ್ತಕ ಒಂದು ಕಡೆ, ಚಿಕ್ಕಮ್ಮ ಇನ್ನೊಂದು ಕಡೆ ಎಂದಾಗ ಯಾವುದನ್ನು ನಂಬಬೇಕೆಂಬ ಪ್ರಶ್ನೆಯೇ ಅವನಿಗೆ ಎದ್ದಿರಲಿಲ್ಲ. ಮುಂದಕ್ಕೆ ಹೇಳಿದ್ದ.

ಅವತ್ತು ಸಂಜೆ ಅಪರ್ಣಾ ಬಂದು ಶೂ ಬಿಚ್ಚುವ ಮೊದಲೇ ಅವನು ನಡೆದದ್ದನ್ನು ಹೇಳಿಬಿಟ್ಟ. ಬಚ್ಚಿಡುವುದು ಅವನಿಗೆ ಬರುತ್ತಿರಲಿಲ್ಲ. ಅವಳು ರೋಗಿಯನ್ನು ನೋಡುವ ಹಾಗೆ ಅವನ ಮಣಿಕಟ್ಟು, ಕುತ್ತಿಗೆ, ಮೊಣಕಾಲು ಎಲ್ಲ ಒತ್ತಿ ನೋಡಿದಳು. ಏನೂ ಆಗಿಲ್ಲವೆಂದು ಗೊತ್ತಾದ ಮೇಲೆ ಕೈ ಚಾಚಿದಳು.

"ಕೀ."

ಅವನು ಕೊಟ್ಟ. ಅವಳು ಅದನ್ನು ತನ್ನ ಆಸ್ಪತ್ರೆಯ ಬ್ಯಾಗಿನೊಳಗೆ ಹಾಕಿ ಜಿಪ್ಪೆಳೆದಳು. ಬೈಯಲಿಲ್ಲ. ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟು ಬಹಳ ಹೊತ್ತು ಕೈ ತೊಳೆದಳು. ಅದು ಬೈದಿದ್ದಕ್ಕಿಂತ ಹೆಚ್ಚಾಯಿತು.

ಮರುದಿನದಿಂದ ಬಸ್ಸು. ಬಸ್ಸಿನಲ್ಲಿ ಓದಲು ಆಗುತ್ತದೆಯೇ ಎಂದು ಸತ್ಯಪ್ರಕಾಶ ಪ್ರಯತ್ನಿಸಿದ. ದನಿ ಇಲ್ಲದೆ ತುಟಿ ಮಾತ್ರ ಆಡಿಸಿದ. ಪಕ್ಕದಲ್ಲಿ ಕೂತಿದ್ದ ವಿದ್ಯಾರ್ಥಿನಿ ಎದ್ದು ಮುಂದಿನ ಸೀಟಿಗೆ ಹೋದಳು. ಬುಧವಾರ ಒಬ್ಬ ಅಜ್ಜ, "ಯಾರಾದರೂ ತೀರಿಕೊಂಡರೇ?" ಎಂದು ಮೆಲ್ಲಗೆ ವಿಚಾರಿಸಿದ. ಗುರುವಾರದಿಂದ ಅವನು ಸುಮ್ಮನೆ ಕಿಟಕಿ ನೋಡುತ್ತ ಕೂತ. ಬಾಯಿಗೆ ಬಾರದ ಪದ್ಯಗಳು ಒಳಗೆ ಒಂದರ ಮೇಲೊಂದು ಬಂದು ಕೂತು ಎದೆ ಭಾರವಾಯಿತು. ಊಟ ಸೇರಲಿಲ್ಲ. ಅಪರ್ಣಾ ಅದನ್ನು ನೋಡಿದಳು, ನೋಡದ ಹಾಗೆ ಇನ್ನೊಂದು ಚಪಾತಿ ಹಾಕಿದಳು.

ಶನಿವಾರ ಸಚಿನ್ ಬಂದ. ಗಾಡಿಯನ್ನು ಶೆಡ್ಡಿನಲ್ಲಿ ಸ್ಟ್ಯಾಂಡಿಗೆ ಹಾಕಿ ಇಬ್ಬರೂ ಕೂತರು. ಹಳೆಯ ಪ್ಯಾಡು ಬಿಚ್ಚಿ ಹೊಸದು ಕೂರಿಸಿದರು. ಡಬ್ಬಿಯ ಸುತ್ತ ಬಟ್ಟೆ ಕಟ್ಟಿದರು. ಆ ಎಣ್ಣೆ ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ತಿನ್ನುತ್ತದೆ. ಕೆಳಗೆ ಚಕ್ರದ ಹತ್ತಿರ ಎಣ್ಣೆ ಇಳಿಸುವ ಸಣ್ಣ ಮೂತಿಗೆ ಒಂದು ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಾಟಲಿಗೆ ಬಿಟ್ಟರು.

"ನಾನು ಹಿಡಿ ಅಂದಾಗ ಹಿಡಿದು ನಿಲ್ಸಿ. ನಾನು ಇಲ್ಲಿ ಬಿಗಿ ಮಾಡೋವರ್ಗೂ ಬಿಡ್ಬೇಡಿ. ಬಿಟ್ರೆ ಗಾಳಿ ವಾಪಸ್ ಒಳಗೆ."

ಹಿಡಿ, ಬಿಡು, ಹಿಡಿ, ಬಿಡು. ಕಪ್ಪು ಎಣ್ಣೆ ಗುಳ್ಳೆಗಳ ಸಮೇತ ಇಳಿಯಿತು. ಮೇಲಿನಿಂದ ಸತ್ಯಪ್ರಕಾಶ ಹೊಸದನ್ನು ತುಂಬುತ್ತ ಹೋದ. ಗುಳ್ಳೆ ಕಡಿಮೆಯಾಯಿತು, ನಿಂತಿತು, ಕೊಳವೆಯಲ್ಲಿ ಜೇನಿನ ಬಣ್ಣ ಇಳಿಯಿತು. ಹಿಡಿ ಒತ್ತಿದರೆ ಅರ್ಧಕ್ಕೆ ಬಂದು ಕಲ್ಲಿನ ಹಾಗೆ ನಿಂತಿತು.

"ಡಿಸ್ಕ್ ಮುಟ್ಬೇಡಿ, ಕೈಯಲ್ಲಿ ಆಯಿಲ್ ಐತೆ," ಎಂದ ಸಚಿನ್. "ನಿಮ್ಮ ಚಿಕ್ಕಮ್ಮ ಹೇಳಿದ್ದು ಅಲ್ಲಿಗೆ ಸರಿ. ಅದರ ಮೇಲೆ ಬಿದ್ರೆ ಜಾರುತ್ತೆ. ಒಳಗಿರ್ಬೇಕು, ಹೊರಗಿರ್ಬಾರ್ದು."

ಅವನು ಹೋದ ಮೇಲೆ ಸತ್ಯಪ್ರಕಾಶ ಕೈ ತೊಳೆದುಕೊಂಡು ಹೆಂಡತಿಯ ಮುಂದೆ ಹೋಗಿ ನಿಂತ.

"ಬ್ರೇಕ್ ಸರಿಯಾಯ್ತು."

"ಬ್ರೇಕ್ ಸರಿಯಾಯ್ತು. ನೀವು ಸರಿಯಾಗ್ಲಿಲ್ಲ," ಎಂದಳು ಅಪರ್ಣಾ. "ಹಿಡಿ ಮೆತ್ತಗಾಗಿದ್ದು ನಿಮ್ಗೆ ಬೆಳಿಗ್ಗೆನೇ ಗೊತ್ತಿತ್ತು. ಕೈಯಲ್ಲೇ ಗೊತ್ತಾಗಿದೆ. ಆದ್ರೂ ಪದ್ಯ ಓದಿ, ಅದ್ರಲ್ಲಿ ಇಲ್ಲ ಅಂತ ಹೊರಟ್ರಿ. ನಮ್ಮಲ್ಲಿಗೆ ಎದೆನೋವು ಅಂತ ಬಂದವ್ರನ್ನ, ನನ್ನ ಹತ್ರ ಇರೋ ಪುಸ್ತಕದಲ್ಲಿ ಎದೆ ಇಲ್ಲ ಅಂತ ವಾಪಸ್ ಕಳಿಸಿದ ಹಾಗೆ."

ಸತ್ಯಪ್ರಕಾಶ ಉಗುರಿನ ಸಂದಿನಲ್ಲಿ ಉಳಿದಿದ್ದ ಕಪ್ಪು ಎಣ್ಣೆಯನ್ನು ಕೆರೆದ.

"ನಿಮ್ಮನ್ನ ಬದಲಾಯಿಸೋಕೆ ನನ್ನಿಂದ ಆಗಲ್ಲ," ಎಂದು ಅವಳೇ ಮುಂದುವರಿಸಿದಳು. "ಮದುವೆಯಾದಾಗಿಂದ ನೋಡಿದೀನಿ. ಪದ್ಯದಲ್ಲಿದ್ರೆ ಪ್ರಾಣ ಹೋದ್ರೂ ಮಾಡ್ತೀರಿ, ಇಲ್ಲದಿದ್ರೆ ಇಲ್ಲ. ಹಂಗಿದ್ರೆ ಪದ್ಯಾನೇ ಬದಲಾಯಿಸಿ. ಬ್ರೇಕ್ ಒಳಗೆ ಬರ್ಲಿ. ಬಂದ ದಿನ ಕೀ ತಗೊಳ್ಳಿ."

ಬಸ್ಸಿನ ಕಿಟಕಿ ನೋಡುತ್ತ ಅವನು ಆ ಕೆಲಸವನ್ನು ಆಗಲೇ ಅರ್ಧ ಮಾಡಿದ್ದ. ಬ್ರೇಕು ಎಂಬ ಮಾತನ್ನು ಎಲ್ಲಿ ಕೂರಿಸಿದರೂ ಅದರ ಒತ್ತಕ್ಷರ ಹಿಂದಿನ ಅಕ್ಷರವನ್ನು ತುಳಿದು ಒಂದು ಮಾತ್ರೆ ಹೆಚ್ಚು ಮಾಡುತ್ತಿತ್ತು. ತಡೆಯ ಎಣ್ಣೆ ಎಂದರೆ ಕೂರುತ್ತಿತ್ತು. ಆದರೆ ಬೇರೆಯವರು ಕಟ್ಟಿದ ಪದ್ಯಕ್ಕೆ, ಅದೂ ಕಲಿಸಿದವರ ಪದ್ಯಕ್ಕೆ, ಅವರನ್ನು ಕೇಳದೆ ಕೈ ಹಾಕುವುದು ಅವನು ಬೆಳೆದ ಕಡೆ ಇರಲಿಲ್ಲ. ದೇವರ ತಲೆಯ ಮೇಲಿನ ಹೂವನ್ನು ತಾನೇ ಎತ್ತಿ ಮುಡಿದುಕೊಂಡ ಹಾಗೆ.

ಭಾನುವಾರ ಮಧ್ಯಾಹ್ನ, ಮೈಸೂರಿನಲ್ಲಿ ದೀಪ ಹಚ್ಚುವ ಹೊತ್ತಿಗೆ, ಇಬ್ಬರೂ ಊಟದ ಮೇಜಿನ ಹತ್ತಿರ ಕೂತು ವಾಸಂತಿಯವರಿಗೆ ವಿಡಿಯೋ ಕಾಲ್ ಮಾಡಿದರು. ಪರದೆಯ ಮೇಲೆ ಎಂದಿನಂತೆ ಅವರ ಹಣೆ, ಕುಂಕುಮ, ಮತ್ತು ತಿರುಗುವ ಫ್ಯಾನು ಕಂಡವು.

"ಏನೋ ಕತ್ತೆ, ಇಷ್ಟು ಇಳಿದುಹೋಗಿದೀಯ?"

ಅವರು ಅವನನ್ನು ಕರೆಯುತ್ತಿದ್ದುದೇ ಹಾಗೆ. ಕತ್ತೆ, ಇಲ್ಲವೆ ಕೋಡಂಗಿ. ಬೇರೆ ಹೆಸರಿನಿಂದ ಕರೆದದ್ದು ಅವನಿಗೆ ನೆನಪಿಲ್ಲ.

"ಬಸ್ಸಲ್ಲಿ ಓಡಾಡ್ತಿದೀನಿ ಚಿಕ್ಕಮ್ಮ."

ಅಪರ್ಣಾ ಫೋನನ್ನು ತನ್ನ ಕಡೆ ತಿರುಗಿಸಿಕೊಂಡು, ಡ್ಯೂಟಿ ಬದಲಾಗುವಾಗ ರೋಗಿಯ ವಿಷಯ ಒಪ್ಪಿಸುವ ಹಾಗೆ, ಏನನ್ನೂ ಕೂಡಿಸದೆ ಏನನ್ನೂ ಬಿಡದೆ ಎಲ್ಲವನ್ನೂ ಹೇಳಿದಳು. ಹಣೆ ಅಲುಗಲಿಲ್ಲ. ಫ್ಯಾನು ತಿರುಗಿತು.

"ಬಿದ್ನಾ?"

"ಇಲ್ಲ ಚಿಕ್ಕಮ್ಮ."

"ಏನಾದ್ರೂ ಮುರೀತಾ?"

"ಒಂದು ಗಿಡ," ಎಂದ ಸತ್ಯಪ್ರಕಾಶ.

"ಬ್ರೇಕೊಳಗೆ ಎಣ್ಣೆ ಇರತ್ತೇನೋ?"

"ಕೊಳವೆ ಒಳಗೆ. ನಾವು ಹಿಡಿದ್ರೆ ಅದೇ ಹೋಗಿ ಪ್ಯಾಡನ್ನ ತಳ್ಳತ್ತೆ."

"ನನ್ನ ಲೂನಾಗೆ ವೈರಿತ್ತಪ್ಪ."

"ಹೌದು ಚಿಕ್ಕಮ್ಮ."

"ನೀನು ಹೇಳಿದ್ದೆ. ನಾನೇ ಬಿಡಿಸ್ದೆ."

"ನಾನೂ ಒಪ್ಕೊಂಡೆ."

"ನೀನ್ಯಾವತ್ತು ತಾನೇ ಒಪ್ಕೊಂಡಿಲ್ಲ ಹೇಳು ಕತ್ತೆ," ಎಂದರು. ಫೋನು ಅಲುಗಾಡಿ ಮೊದಲ ಸಲ ಅವರ ಪೂರ್ತಿ ಮುಖ ಕಾಣಿಸಿತು. ಆಮೇಲೆ ಕೆಮ್ಮಿ, "ಸರಿ. ಹಾಕೋಣ. ಪದ್ಯ ಹೇಳು," ಎಂದು ಬೆರಳ ಗೆಣ್ಣುಗಳ ಮೇಲೆ ಮಾತ್ರೆ ಎಣಿಸಲು ಸಿದ್ಧರಾದರು.

ಅವನು ಓದಿದ. ಅವರು ಕಣ್ಣು ಮುಚ್ಚಿ ಕೇಳಿದರು.

"ಇದ್ರಲ್ಲಿ ಯಾವ್ದನ್ನ ತೆಗೆಯೋದು? ಹಾರ್ನ್ ತೆಗೀಲಾ?"

"ಅದು ಬೇಕು ಚಿಕ್ಕಮ್ಮ."

"ಟೈರ್ ಸೀಳು?"

"ಅದಂತೂ ಬೇಕೇ ಬೇಕು," ಎಂದಳು ಅಪರ್ಣಾ. ಟೈರು ಸಿಡಿದವರನ್ನೂ ಅವಳು ನೋಡಿದ್ದಳು.

"ಹಂಗಾದ್ರೆ ಇನ್ನೊಂದು ಪದ್ಯ ಬರೀತೀನಿ."

"ಬೇಡ ಚಿಕ್ಕಮ್ಮ. ಎರಡಾದ್ರೆ ಇವ್ರು ಮೊದಲನೇದನ್ನ ನಿಧಾನವಾಗಿ ಅನುಭವಿಸಿ ಓದ್ತಾರೆ. ಎರಡನೇದಕ್ಕೆ ಬರೋಷ್ಟರಲ್ಲಿ ಹೊತ್ತಾಗಿ ಹಂಗೇ ಓಡ್ತಾರೆ. ಒಂದೇ ಇರ್ಲಿ. ನಾನೊಂದು ಹೇಳ್ಲಾ?" ಅಪರ್ಣಾ ಮುಂದೆ ಬಗ್ಗಿದಳು. "ಕೊನೇ ಸಾಲಲ್ಲಿ 'ನನ್ನ ಮಗುವೇ ನೀ' ಅಂತ ಇದೆಯಲ್ಲ, ಅಲ್ಲಿ ನೋಡ್ಕೊಳ್ಳೋದಕ್ಕೆ ಏನೂ ಇಲ್ಲ. ಜಾಗ ತುಂಬ್ಸೋಕೆ ಹಾಕಿರೋದು. ಇವ್ರು ಅಲ್ಲಿಗೆ ಸರಿಹೋಗೋದನ್ನ ಹುಡುಕಿದಾರೆ. ಹೇಳ್ರೀ."

ಸತ್ಯಪ್ರಕಾಶ ತಲೆ ತಗ್ಗಿಸಿಕೊಂಡೇ ಓದಿದ. "ವೇಳೆ ವೇಳೆಗೆ ಪರಿಕಿಸುತ ನಡೆ ತಡೆಯ ಎಣ್ಣೆಯನು."

ವಾಸಂತಿ ಬೆರಳು ಮಡಿಚಿದರು. ಮೂರು, ನಾಲ್ಕು, ಮೂರು, ನಾಲ್ಕು. ಒಮ್ಮೆ ಹಾಡಿ ನೋಡಿದರು. ನಡೆ, ತಡೆ ಎರಡೂ ಪಕ್ಕಪಕ್ಕ ಬಂದು ಸೊಗಸಾಗಿ ಕೂತಿದ್ದವು.

"ಕೂತ್ಕೊಳ್ಳತ್ತೆ," ಎಂದರು.

"ಹಾಗಿದ್ರೆ ಅದನ್ನ ತೆಗೆದು ಇದನ್ನ ಹಾಕ್ಬಿಡಿ ಚಿಕ್ಕಮ್ಮ. ನಾನು ಈಗ್ಲೇ ಕೀ ಕೊಟ್ಬಿಡ್ತೀನಿ."

ಫ್ಯಾನು ತಿರುಗುತ್ತಿತ್ತು. ವಾಸಂತಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಜಾಗ ತುಂಬ್ಸೋಕೆ ಅಂತ ನಿಂಗ್ಯಾರಮ್ಮ ಹೇಳಿದ್ದು? ಮಿಕ್ಕ ಐದೂವರೆ ಪಾದ ಗಾಡಿಗೆ ಬರೆದೆ. ಅದೊಂದು ಅರ್ಧ ಅವನಿಗೆ ಬರೆದೆ. ಬಾಯಲ್ಲಿ ಹೇಳೋಕೆ ನಂಗೆ ಬರಲ್ಲ. ಬ್ರೇಕು ಬೇಕಾದ್ರೆ ಅವನು ಕಣ್ಣಲ್ಲಿ ನೋಡ್ಲಿ, ಕೈಯಲ್ಲಿ ಒತ್ತಿ ನೋಡ್ಲಿ, ಹೊರಡೋ ಮುಂಚೆ ದಿನಾ ನಂಗೆ ಫೋನ್ ಮಾಡಿ ನೋಡಿದೆ ಚಿಕ್ಕಮ್ಮ ಅಂತ ಒಪ್ಪಿಸ್ಲಿ. ಇಲ್ಲಿ ಮಧ್ಯಾಹ್ನ ಆಗಿರತ್ತೆ, ನಾನು ಮಲಗ್ದೆ ಎದ್ದಿರ್ತೀನಿ. ಆ ಮಾತು ಮಾತ್ರ ನಾನು ತೆಗೆಯಲ್ಲ."